ಉಯಿಲೂ ವಾರಸೂ: ತಾಲ್ಲೂಕು ನ್ಯಾಯಾಲಯದಲ್ಲಿ ನಡೆಯುವುದೇನು?

ಪ್ರೊಬೇಟು ಎಂಬ ಮಾತು ನಮ್ಮ ಜನರ ಆಡುನುಡಿಯಲ್ಲಿ ಬೇರೂರಿದ ಮಾತಲ್ಲ. ಖಾತೆ, ಕಂದಾಯ, ಪಹಣಿ, ದಾವಾ, ಡಿಕ್ರಿ ಇವೆಲ್ಲವೂ ಹಳ್ಳಿಯ ಜಗುಲಿಯ ಮೇಲೆ ದಿನವೂ ಕೇಳಿಬರುವ ಶಬ್ದಗಳು. ಪ್ರೊಬೇಟು ಮಾತ್ರ ವಕೀಲರ ಬಾಯಿಂದಲೇ ಮೊದಲು ಕೇಳಿಬರುವುದು; ಅದೂ ಮನೆಯ ಯಜಮಾನರು ತೀರಿಕೊಂಡು, ತಿಥಿಯ ಕಾರ್ಯಗಳೆಲ್ಲ ಮುಗಿದು, ಪೆಟ್ಟಿಗೆಯಲ್ಲಿದ್ದ ಕಾಗದಪತ್ರಗಳನ್ನು ಮಕ್ಕಳು ಹರಡಿಕೊಂಡು ಕುಳಿತ ಮೇಲೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿರಿಯರ ಆಸ್ತಿಯುಳ್ಳವರಾಗಿ, ತಾವು ಮಾತ್ರ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ನೆಲಸಿರುವ ಶ್ರೋತೃಗಳು ಹಲವರುಂಟು. ಅಂಥವರು ನ್ಯಾಯಾಲಯದ ಮೆಟ್ಟಲನ್ನು ಹತ್ತಿದಾಗ ಅಲ್ಲಿ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಈ ಹೊತ್ತು ನಾವು ಕೊಂಚ ವಿವರಿಸಬೇಕೆಂದಿದ್ದೇವೆ.

ಪ್ರೊಬೇಟ್ ಕೋರ್ಟು ಎಂಬ ಹೆಸರಿನ ಪ್ರತ್ಯೇಕ ಕಟ್ಟಡವಾಗಲಿ, ಪ್ರತ್ಯೇಕ ನ್ಯಾಯಾಧೀಶರಾಗಲಿ ನಮ್ಮಲ್ಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಈ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿದೆ. ಅದನ್ನು ಕೆಳಗಿನ ಸಿವಿಲ್ ನ್ಯಾಯಾಧೀಶರಿಗೆ ವಹಿಸಿಕೊಡಲು ಹೈಕೋರ್ಟಿಗೆ ಅವಕಾಶವುಂಟು. ಆದ್ದರಿಂದ ಈ ಬಗೆಯ ಅರ್ಜಿಗಳು ತಾಲ್ಲೂಕು ಕೇಂದ್ರಗಳಲ್ಲಿರುವ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೇ ಬರುವುದು ವಾಡಿಕೆ. ಗದ್ದೆಯ ತೂಬಿನ ಜಗಳ, ಬಾಡಿಗೆಯ ಬಾಕಿ, ಪ್ರಾಮಿಸರಿ ನೋಟು ಇವುಗಳ ನಡುವೆಯೇ ನಿಮ್ಮ ಅರ್ಜಿಯನ್ನೂ ಕೂಗುತ್ತಾರೆ. ರಿಜಿಸ್ಟರಿನಲ್ಲಿ ಅದಕ್ಕೆ ‘ಪಿ. ಅಂಡ್ ಎಸ್. ಸಿ.’ ಎಂಬ ಗುರುತು ಬೀಳುತ್ತದೆ: ಪ್ರೊಬೇಟು ಮತ್ತು ಸಕ್ಸೆಷನ್ ಸರ್ಟಿಫಿಕೇಟು. ಒಂದೇ ಗುರುತಿನಲ್ಲಿ ಎರಡು ಹೆಸರುಗಳಿರುವುದೇ ಅನೇಕರ ತೊಡಕಿಗೆ ಮೂಲ. ಇವೆರಡೂ ಬೇರೆ ಬೇರೆ ಕಾಗದಗಳು. ಮೂರನೆಯದಾದ ಪೌತಿ ಖಾತೆಗಂತೂ ಈ ನ್ಯಾಯಾಲಯದ ಬಾಗಿಲೇ ಅಲ್ಲ.

ಮೊದಲು ಜಮೀನಿನ ಮಾತು. ತಂದೆಯ ಹೆಸರಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡೆಕರೆ ಗದ್ದೆಯುಂಟು, ಉಯಿಲು ಇಲ್ಲ, ಮಕ್ಕಳಲ್ಲಿ ತಕರಾರೂ ಇಲ್ಲ ಎನ್ನೋಣ. ಇಲ್ಲಿ ನ್ಯಾಯಾಲಯದ ಕೆಲಸವೇ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ, ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗಾಗಿ ಕಂದಾಯಾಧಿಕಾರಿಗಳಿಗೆ ವರದಿ ಕೊಡತಕ್ಕದ್ದು. ಮರಣದ ದಾಖಲೆ ಮತ್ತು ವಂಶವೃಕ್ಷಗಳೊಡನೆ ನಾಡಕಚೇರಿಯಲ್ಲಿ ಅರ್ಜಿಯಿಟ್ಟರೆ ಪೌತಿ ಖಾತೆಯಾಗುತ್ತದೆ. ಆದರೆ ಇಂದಿಗೂ ಅಜ್ಜನ ಹೆಸರಿನಲ್ಲಿಯೇ ಪಹಣಿ ಬರುತ್ತಿರುವ ಜಮೀನುಗಳು ಎಷ್ಟೋ! ಎರಡು ತಲೆಮಾರು ಸುಮ್ಮನಿದ್ದು, ಮೂರನೆಯವರು ಮಾರಾಟಕ್ಕೆ ಹೊರಟಾಗ ಹದಿನೈದಿಪ್ಪತ್ತು ಮಂದಿ ಹಕ್ಕುದಾರರನ್ನು ಹುಡುಕಿಕೊಂಡು ಊರೂರು ಅಲೆಯುವರು. ಖಾತೆಯಾದ ಮಾತ್ರಕ್ಕೆ ಒಡೆತನ ಸಿದ್ಧವಾಯಿತೆಂದು ತಿಳಿಯುವುದೂ ತಪ್ಪು. ಖಾತೆ ಕಂದಾಯದ ಲೆಕ್ಕಕ್ಕೆ. ಹಕ್ಕಿನ ವಿಚಾರ ಸಿವಿಲ್ ನ್ಯಾಯಾಲಯಕ್ಕೆ.

ಇನ್ನು ಹಣದ ಮಾತು. ಬ್ಯಾಂಕಿನ ಠೇವಣಿ, ಷೇರುಗಳು, ಸಕ್ಕರೆ ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಾಕಿ, ಸಾಲ ಕೊಟ್ಟು ವಸೂಲಾಗದೆ ಉಳಿದ ಹಣ ಇವು ತೀರಿಕೊಂಡವರಿಗೆ ಪರರಿಂದ ಸಲ್ಲಬೇಕಾದ ಋಣಗಳು. ಕೊಡಬೇಕಾದವನು ಯಾರ ಕೈಗೆ ಕೊಟ್ಟರೆ ತನ್ನ ಹೊರೆ ಇಳಿಯುವುದೆಂದು ಕೇಳುವುದು ನ್ಯಾಯವೇ ಅಲ್ಲವೆ? ಅವನ ಈ ಶಂಕೆಗೆ ಉತ್ತರವಾಗಿ ನ್ಯಾಯಾಲಯ ಕೊಡುವುದೇ ವಾರಸುದಾರಿಕೆಯ ಸರ್ಟಿಫಿಕೇಟು. ಅದನ್ನು ತೋರಿಸಿದವರಿಗೆ ಹಣ ಕೊಟ್ಟ ಬ್ಯಾಂಕನ್ನು ಮುಂದೆ ಯಾರೂ ಕೆಣಕುವಂತಿಲ್ಲ. ಈ ಪತ್ರಕ್ಕೆ ಭಾರತದಾದ್ಯಂತ ಮಾನ್ಯತೆಯುಂಟು. ಆದರೆ ಮನೆಗೂ ಜಮೀನಿಗೂ ಇದು ಸಲ್ಲದು. ಹಣ ಪಡೆದವನೇ ಅದರ ಏಕಮಾತ್ರ ಒಡೆಯನೆಂದೂ ಇದು ಸಾರುವುದಿಲ್ಲ. ಉಳಿದ ವಾರಸುದಾರರು ತಮ್ಮ ಪಾಲಿಗೆ ಪ್ರತ್ಯೇಕ ದಾವೆ ಹೂಡಲು ಅಡ್ಡಿಯೇನೂ ಇಲ್ಲ. ನಾಮಿನಿಯ ವಿಷಯವೂ ಹೀಗೆಯೇ. ಜೀವವಿಮೆಯ ಹಣಕ್ಕೆ ನಾಮಿನಿಯಾದವನು ಅದನ್ನು ಪಡೆಯುವ ಕೈ ಮಾತ್ರ, ಉಣ್ಣುವ ಬಾಯಿ ವಾರಸುದಾರರದು ಎಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟು 1983ರಲ್ಲಿಯೇ ಎತ್ತಿಹಿಡಿದಿದೆ.

ಉಯಿಲು ಇದ್ದರೆ ಮಾತು ಬೇರೆ. ನಮ್ಮ ಸೀಮೆಯಲ್ಲಿ ಹಿಂದೂಗಳು ಬರೆದ ಉಯಿಲಿಗೆ ಪ್ರೊಬೇಟು ಕಡ್ಡಾಯವಲ್ಲ. ಮುಂಬಯಿ, ಮದ್ರಾಸು ಮೊದಲಾದ ಹಳೆಯ ಪ್ರೆಸಿಡೆನ್ಸಿ ಪಟ್ಟಣಗಳಲ್ಲಿ ಅದು ಬಹುಕಾಲ ಕಡ್ಡಾಯವಾಗಿತ್ತು. 2025ರ ಕೊನೆಯಲ್ಲಿ ಪಾರ್ಲಿಮೆಂಟು ಆ ಕಟ್ಟನ್ನು ತೆಗೆದುಹಾಕಿತು. ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಮುಂಬಯಿಗೆ ಹೋಗಿ ಅಲ್ಲೊಂದು ಕೋಣೆ ಕೊಂಡುಕೊಂಡ ಕುಟುಂಬಗಳು ಬಹಳವಾಗಿರುವುದರಿಂದ ಈ ಮಾತು ನಮಗೂ ಸಂಬಂಧಪಟ್ಟದ್ದೇ. ಮುಸಲ್ಮಾನರ ವಸೀಯತ್ತಿಗೆ ಅವರ ಧರ್ಮಶಾಸ್ತ್ರದ ಪ್ರತ್ಯೇಕ ನಿಯಮಗಳುಂಟು. ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಬರೆದುಕೊಡುವಂತಿಲ್ಲ.

ಕಡ್ಡಾಯವಿಲ್ಲದಿದ್ದರೆ ಪ್ರೊಬೇಟು ಏತಕ್ಕೆ? ಉಯಿಲು ಸಾಚಾ ಎಂಬ ಪ್ರಶ್ನೆಯನ್ನು ಸಾಕ್ಷಿಗಳು ಬದುಕಿರುವಾಗಲೇ ತೀರಿಸಿಕೊಳ್ಳುವುದಕ್ಕೆ. ಉಯಿಲಿಗೆ ಇಬ್ಬರಾದರೂ ಸಾಕ್ಷಿಗಳ ರುಜುವಿರತಕ್ಕದ್ದು. ಬೇಡಿಕೆ ಬಂದಾಗ ಅವರಲ್ಲಿ ಒಬ್ಬನನ್ನಾದರೂ ಕಟಕಟೆಗೆ ತರತಕ್ಕದ್ದು. ನಮ್ಮಲ್ಲಿ ಮುದುಕರ ಉಯಿಲಿಗೆ ಮುದುಕರೇ ಸಾಕ್ಷಿ ಹಾಕುವುದು ರೂಢಿ. ಹತ್ತು ವರ್ಷಗಳ ಮೇಲೆ ತಕರಾರು ಎದ್ದರೆ ಬರೆದವರೂ ಇಲ್ಲ, ಕಂಡವರೂ ಇಲ್ಲ! ಆಗ ರುಜುಗಳ ಬರಹವನ್ನು ಬಲ್ಲವರನ್ನು ಹುಡುಕಿ ತಂದು ಸ್ಥಾಪಿಸಬೇಕಾಗುತ್ತದೆ. ರಿಜಿಸ್ಟರಾದ ಉಯಿಲಿಗೆ ಈ ಕಷ್ಟವಿಲ್ಲವೆಂದು ತಿಳಿದವರುಂಟು. ರಿಜಿಸ್ಟ್ರಿಯಿಂದ ಬಲ ಬರುತ್ತದೆ ನಿಜ, ಆದರೆ ಸಾಕ್ಷಿಯ ಹೊರೆ ತಪ್ಪುವುದಿಲ್ಲ.

ಪ್ರೊಬೇಟು ಸಿಕ್ಕುವುದು ಉಯಿಲಿನಲ್ಲಿ ನಿರ್ವಾಹಕನೆಂದು ನೇಮಕವಾದವನಿಗೆ ಮಾತ್ರ. ಹಾಗೆ ಯಾರನ್ನೂ ಹೆಸರಿಸದಿದ್ದರೆ, ಉಯಿಲನ್ನು ಲಗತ್ತಿಸಿದ ಆಡಳಿತ ಪತ್ರಕ್ಕೆ ಅರ್ಜಿ ಹಾಕಬೇಕು. ಮರಣವಾಗಿ ಏಳು ದಿನ ಕಳೆಯದೆ ಪ್ರೊಬೇಟನ್ನೂ, ಹದಿನಾಲ್ಕು ದಿನ ಕಳೆಯದೆ ಆಡಳಿತ ಪತ್ರವನ್ನೂ ಕೊಡುವಂತಿಲ್ಲ. ಇದು ಬರಿಯ ಕಾನೂನಿನ ಮಾತು, ಅಷ್ಟು ಬೇಗ ಕೊಡುವ ಕೋರ್ಟನ್ನು ನಾವು ಕಂಡಿಲ್ಲ. ಅರ್ಜಿಯೊಡನೆ ಮೂಲ ಉಯಿಲು, ಮರಣದ ಕಾಲ, ಆಸ್ತಿಯ ಅಂದಾಜು ಬೆಲೆ ಇವುಗಳನ್ನು ಒಪ್ಪಿಸಬೇಕು. ಸಿಕ್ಕುವಂತಿದ್ದರೆ ಸಾಕ್ಷಿಗಳಲ್ಲೊಬ್ಬನ ದೃಢೀಕರಣವೂ ಇರಬೇಕು. ಬಳಿಕ ಹತ್ತಿರದ ಬಂಧುಗಳಿಗೆ ನೋಟೀಸು, ಪತ್ರಿಕೆಯಲ್ಲಿ ಪ್ರಕಟಣೆ. ಯಾರೂ ಬಾರದಿದ್ದರೆ ಸಾಕ್ಷಿ ಕೇಳಿ ಆಜ್ಞೆಯಾಗುತ್ತದೆ. ಒಬ್ಬರಾದರೂ ಕೇವಿಯಟ್ ಹಾಕಿ ಎದುರಿಸಿದರೋ, ಅರ್ಜಿಯೇ ದಾವೆಯ ರೂಪ ತಾಳಿ ವರ್ಷಗಳು ಹಿಡಿಯುವುವು. ಇಷ್ಟೇ ದಿನವೆಂದು ಮುಂಗಡವಾಗಿ ಮಾತು ಕೊಡುವವರನ್ನು ನಂಬದಿರುವುದು ಲೇಸು.

ಈ ಎದುರಾಟದಲ್ಲಿ ದೇಶಕ್ಕೆಲ್ಲ ದಾರಿ ತೋರಿದ ತೀರ್ಪು ನಮ್ಮ ಮೈಸೂರಿನಿಂದಲೇ ಹೋದದ್ದು. ವೆಂಕಟಾಚಲ ಅಯ್ಯಂಗಾರ್ ಎದುರು ತಿಮ್ಮಾಜಮ್ಮ ಎಂಬ ಮೊಕದ್ದಮೆಯಲ್ಲಿ, 1958ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಒಂದು ಸೂತ್ರವನ್ನು ನಿಲ್ಲಿಸಿದರು: ಉಯಿಲಿನ ಸುತ್ತ ಸಂಶಯಗಳಿದ್ದರೆ ಅವನ್ನು ಹೋಗಲಾಡಿಸುವ ಹೊಣೆ ಉಯಿಲನ್ನು ಮುಂದಿಡುವವನದೇ. ಉಯಿಲು ಬರೆಸುವುದರಲ್ಲಿ ಮುಂದಾಳಾಗಿ ನಿಂತವನಿಗೇ ಅದರಿಂದ ಹೆಚ್ಚಿನ ಲಾಭವಾಗಿದ್ದರೆ ಅದೂ ಒಂದು ಸಂಶಯವೇ. ನಡುಗುವ ರುಜು, ಕಾರಣವಿಲ್ಲದೆ ಕೈಬಿಟ್ಟ ಹೆಂಡತಿ ಮಕ್ಕಳು, ಆಸ್ಪತ್ರೆಯ ಹಾಸಿಗೆಯಲ್ಲಿ ಒತ್ತಿಸಿದ ಹೆಬ್ಬೆಟ್ಟು ಇಂಥವನ್ನು ನ್ಯಾಯಾಧೀಶರು ಸೂಕ್ಷ್ಮವಾಗಿ ನೋಡುವರು. ಆದರೆ ಆ ಗದ್ದೆ ಸತ್ತವರದು ಹೌದೇ ಅಲ್ಲವೇ ಎಂಬುದನ್ನು ಪ್ರೊಬೇಟು ಕೊಡುವ ನ್ಯಾಯಾಲಯ ನೋಡುವುದಿಲ್ಲ. ತಂದೆ ಪಿತ್ರಾರ್ಜಿತವೆಲ್ಲವನ್ನೂ ಒಬ್ಬ ಮಗನಿಗೆ ಬರೆದಿದ್ದರೂ, ಬರೆದದ್ದು ನಿಜವೆಂಬುದಷ್ಟೇ ಅಲ್ಲಿ ಸ್ಥಾಪನೆಯಾಗುವುದು; ತನ್ನ ಪಾಲಿಗಿಂತ ಹೆಚ್ಚನ್ನು ಬರೆಯಲು ಅವನಿಗೆ ಹಕ್ಕಿತ್ತೇ ಎಂಬುದು ಇನ್ನೊಂದು ದಾವೆಗೆ ಉಳಿಯುತ್ತದೆ.

ಎಲ್ಲ ಅರ್ಜಿಗಳಲ್ಲಿಯೂ ಒಂದು ಅಂಕಣವುಂಟು: ತೀರಿಕೊಂಡವರ ಕುಟುಂಬ ಮತ್ತು ಹತ್ತಿರದ ಬಂಧುಗಳು. ನಮ್ಮ ನಾಡಿನ ವ್ಯಾಜ್ಯಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುವುದೆಂದರೆ ಅತಿಶಯೋಕ್ತಿಯಾಗದು. ಗಂಡುಮಕ್ಕಳ ಹೆಸರುಗಳು ತಪ್ಪದೆ ಬರುತ್ತವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರುಗಳು ವಂಶವೃಕ್ಷದಿಂದ ಉದುರಿಹೋಗಿರುತ್ತವೆ. ಹೆಣ್ಣಿನ ಪಾಲು ಈ ಮಣ್ಣಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಬ್ರಿಟಿಷ್ ಇಂಡಿಯಾ ವಿಧವೆಯರ ಹಕ್ಕಿನ ಕಾಯಿದೆಯನ್ನು ಮಾಡಿದ್ದು 1937ರಲ್ಲಿ. ಮೈಸೂರು ಸಂಸ್ಥಾನ ಅದಕ್ಕೆ ನಾಲ್ಕು ವರ್ಷ ಮೊದಲೇ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು, ಪಾಲಾಗುವಾಗ ವಿಧವೆಗೂ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗವಿಟ್ಟಿತು. 1956ರ ಕಾಯಿದೆಯಂತೆ, ಉಯಿಲಿಲ್ಲದೆ ತೀರಿಕೊಂಡವನ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ ಎಲ್ಲರಿಗೂ ಸಮಪಾಲು. ಮೂಲೆಯಲ್ಲಿ ಕುಳಿತ ಆ ವೃದ್ಧೆಯನ್ನು ಮರೆಯುವವರೇ ಹೆಚ್ಚು. ಪಿತ್ರಾರ್ಜಿತದಲ್ಲಿ 1994ರಲ್ಲಿ ಕರ್ನಾಟಕವೂ, 2005ರಲ್ಲಿ ಕೇಂದ್ರವೂ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟುವು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು.

ಹೀಗಿದ್ದರೂ, ಗೌರಿಹಬ್ಬಕ್ಕೆ ತವರಿನ ಕರೆ ನಿಂತುಹೋದೀತೆಂಬ ಅಳುಕಿನಿಂದ ಓದದೆಯೇ ರುಜು ಹಾಕುವ ಅಕ್ಕತಂಗಿಯರುಂಟು. ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ರಿಜಿಸ್ಟರಾದ ಹಕ್ಕುಬಿಡುಗಡೆ ಪತ್ರದ ಮಾರ್ಗವಿದೆ. ಹೆಸರನ್ನೇ ಮರೆಮಾಚುವುದು ಮಾರ್ಗವಲ್ಲ. ಮರೆಮಾಚಿ ಪಡೆದ ಸರ್ಟಿಫಿಕೇಟನ್ನೂ ಪ್ರೊಬೇಟನ್ನೂ ನ್ಯಾಯಾಲಯ ರದ್ದುಮಾಡಬಲ್ಲುದು, ತಿಳಿದು ಬರೆದ ಸುಳ್ಳು ದಂಡನೆಗೂ ಗುರಿ. ನೋಟೀಸು ಬಂದ ಹೆಣ್ಣುಮಗಳಿಗೆ ವಕೀಲರ ಖರ್ಚಿನ ಚಿಂತೆಯಿದ್ದಲ್ಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ. 1987ರ ಕಾಯಿದೆಯಂತೆ ಸ್ತ್ರೀಯರಿಗೆ ಇದಕ್ಕೆ ವರಮಾನದ ಮಿತಿಯೇ ಇಲ್ಲ.

ಕೋರ್ಟ್ ಫೀಜು ಆಸ್ತಿಯ ಅಥವಾ ವಸೂಲಾಗಬೇಕಾದ ಹಣದ ಮೊತ್ತದ ಮೇಲೆ ಬೀಳುತ್ತದೆ. ಸರ್ಟಿಫಿಕೇಟಿಗೆ ಕೆಲವೊಮ್ಮೆ ಜಾಮೀನನ್ನೂ ಕೇಳುವರು. ಪ್ರೊಬೇಟು ಪಡೆದ ನಿರ್ವಾಹಕನು ಆರು ತಿಂಗಳಲ್ಲಿ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದಲ್ಲಿ ಜಮಾಖರ್ಚಿನ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸತಕ್ಕದ್ದು. ಮೂಲ ಉಯಿಲು ಮನೆಗೆ ಹಿಂದಿರುಗುವುದಿಲ್ಲ, ಅದು ನ್ಯಾಯಾಲಯದ ದಫ್ತರಿನಲ್ಲಿಯೇ ಉಳಿಯುತ್ತದೆ. ನಿಮ್ಮ ಕೈಗೆ ಬರುವುದು ಮೊಹರು ಬಿದ್ದ ನಕಲು. ತಾಲ್ಲೂಕು ಕಚೇರಿಗೊಂದು, ಬ್ಯಾಂಕಿಗೊಂದು, ಅಕ್ಕತಂಗಿಯರಿಗೊಂದೊಂದು ಎಂದು ಲೆಕ್ಕ ಹಾಕಿ, ಅಷ್ಟು ದೃಢೀಕೃತ ನಕಲುಗಳಿಗೆ ಅಂದೇ ಅರ್ಜಿ ಕೊಟ್ಟು ಬರುವುದು ಒಳ್ಳೆಯದು.