ತಮ್ಮದು ಯಾವೂರಾಯಿತು?

ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿರುವ ನಮ್ಮ ಮನೆಗೆ ಹಳೆಯ ಕಾಲದ ಜಗಲಿಯೊಂದಿದೆ. ದಾರಿಹೋಕರು ಅಲ್ಲಿ ಕುಳಿತರೆ “ತಮ್ಮದು ಯಾವೂರಾಯಿತು? ಯಾರ ಪೈಕಿ?” ಎಂದು ವಿಚಾರಿಸಿ ನೀರು ಬೆಲ್ಲ ಕೊಡುವುದು ವಾಡಿಕೆಯಾಗಿತ್ತೆಂದು ನಮ್ಮ ಅಜ್ಜಿ ಹೇಳುತ್ತಾರೆ. ಮೂರನೆಯ ಪ್ರಶ್ನೆಯೂ ಒಂದಿತ್ತು: “ಯಾವ ಜನ?” ಅದರ ಉತ್ತರದ ಮೇಲೆ ಕೆಲವರಿಗೆ ನಡುಮನೆಯಲ್ಲಿ ಎಲೆ, ಕೆಲವರಿಗೆ ಜಗಲಿ, ಮತ್ತೆ ಕೆಲವರಿಗೆ ಬೀದಿಯೇ ಗತಿ. ಗುರುತಿಲ್ಲದವರನ್ನು ನಂಬಲು ನಮ್ಮ ಹಿರಿಯರಿಗೆ ತಿಳಿದಿದ್ದ ದಾರಿ ಅದು. ಬೇರೊಂದು ದಾರಿಯನ್ನು ಹುಡುಕಿದ ಕೆಲವು ಸಂಘಗಳ ವಿಚಾರವನ್ನು ಇಲ್ಲಿ ತಿಳಿಸಬಯಸುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೯ರಲ್ಲಿ, ಡೆನ್ಮಾರ್ಕಿನಲ್ಲಿದ್ದ ಬಾಬ್ ಲ್ಯೂಟ್‌ವೈಲರ್ ಎಂಬ ಅಮೆರಿಕದ ತರುಣನೂ ಅವನ ಗೆಳೆಯರೂ ಒಂದು ಸಂಘವನ್ನು ಆರಂಭಿಸಿದರು. ಬೇರೆ ಬೇರೆ ದೇಶಗಳ ಜನರು ಒಬ್ಬರ ಮನೆಯಲ್ಲೊಬ್ಬರು ಉಂಡು ಮಲಗಿದರೆ ದ್ವೇಷ ಕಡಿಮೆಯಾದೀತೆಂಬುದು ಅವರ ನಂಬಿಕೆ. ಅದಕ್ಕೆ ಮುಂದೆ ‘ಸರ್ವಾಸ್’ ಎಂಬ ಹೆಸರಾಯಿತು. ಎಸ್ಪೆರಾಂಟೊ ಭಾಷೆಯಲ್ಲಿ ಅದಕ್ಕೆ ‘ಸೇವೆ ಮಾಡುತ್ತದೆ’ ಎಂದು ಅರ್ಥ. ಪ್ರವಾಸ ಹೊರಡುವವನನ್ನು ಅವನ ಊರಿನ ಕಡೆಯ ಸ್ವಯಂಸೇವಕರೊಬ್ಬರು ಕಂಡು ಮಾತನಾಡಿಸಿ ಪರಿಚಯಪತ್ರ ಕೊಡುತ್ತಾರೆ. ಅವನು ಮುಂಚಿತವಾಗಿ ಬರೆದು ಕೇಳಿಕೊಂಡು, ಸಾಮಾನ್ಯವಾಗಿ ಎರಡು ರಾತ್ರಿ ತಂಗುತ್ತಾನೆ. ಮನೆಯವರು ಹಣ ತೆಗೆದುಕೊಳ್ಳುವುದಿಲ್ಲ. ಭಾರತದಲ್ಲಿಯೂ ಈ ಸಂಘದ ಸದಸ್ಯರಿದ್ದಾರೆ.

ಅಂತರಜಾಲ ಬಂದ ಮೇಲೆ ಈ ಪರಿಚಯಪತ್ರದ ರೂಪ ಬದಲಾಯಿತು. ೨೦೦೦ದಲ್ಲಿ ಜರ್ಮನಿಯಲ್ಲಿ ಹಾಸ್ಪಿಟಾಲಿಟಿ ಕ್ಲಬ್, ೨೦೦೪ರಲ್ಲಿ ಅಮೆರಿಕದಲ್ಲಿ ಕೌಚ್‌ಸರ್ಫಿಂಗ್ ತೆರೆದವು. ಇಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದು ಪುಟವುಂಟು. ಅವನು ತಂಗಿದ ಮನೆಯವರೂ ಅವನ ಮನೆಯಲ್ಲಿ ತಂಗಿದವರೂ ಅನುಭವವನ್ನು ಆ ಪುಟದಲ್ಲಿ ಬರೆಯುತ್ತಾರೆ. ಮುಂದಿನವರು ಅದನ್ನೋದಿ ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನನಗೆ ಊಟವಿಟ್ಟವನ ಋಣವನ್ನು ಅವನಿಗೇ ತೀರಿಸಬೇಕಾಗಿಲ್ಲ. ಮೂರನೆಯವನೊಬ್ಬನಿಗೆ ಊಟವಿಟ್ಟರೆ ಸಾಕು.

ಆದರೆ ಈ ಮಾತುಗಳೆಲ್ಲ ಯಾರ ಸೊತ್ತು? ೨೦೦೬ರಲ್ಲಿ ಕೌಚ್‌ಸರ್ಫಿಂಗಿನ ದಾಖಲೆಗಳು ಬಹುಮಟ್ಟಿಗೆ ನಾಶವಾದಾಗ ಅದನ್ನು ಮತ್ತೆ ಕಟ್ಟಲು ದುಡಿದವರು ಸ್ವಯಂಸೇವಕರು. ೨೦೧೧ರಲ್ಲಿ ಅದು ಲಾಭಕ್ಕಾಗಿ ನಡೆಯುವ ಕಂಪನಿಯಾಯಿತು. ೨೦೨೦ರಲ್ಲಿ ಕೊರೋನಾ ಕಾಲದಲ್ಲಿ ಹಲವು ದೇಶಗಳ ಸದಸ್ಯರು, ಶುಲ್ಕ ಕಟ್ಟದೆ ತಮ್ಮ ಪುಟವನ್ನೇ ತೆರೆಯಲಾಗದಂತಾಯಿತು. ವರ್ಷಗಳಿಂದ ಗಳಿಸಿದ ಒಳ್ಳೆಯ ಹೆಸರು ಬೇರೆಯವರ ಪೆಟ್ಟಿಗೆಯಲ್ಲಿತ್ತು. ಇದಕ್ಕೆ ಭಿನ್ನವಾಗಿ ೨೦೦೭ರಲ್ಲಿ ಆರಂಭವಾದ ಬೀವೆಲ್ಕಮ್ ಎಂಬುದನ್ನು, ಫ್ರಾನ್ಸಿನಲ್ಲಿ ನೋಂದಾಯಿತವಾದ ಲಾಭವಿಲ್ಲದ ಸಂಘವೊಂದರ ಮೂಲಕ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಬಿಟ್ಟಿ ಆತಿಥ್ಯವೂ ಬಿಟ್ಟಿಯಾಗಿ ನಡೆಯುವುದಿಲ್ಲ. ಅದರ ಹಿಂದೆ ಯಾರದೋ ದುಡಿಮೆ ಇದ್ದೇ ಇರುತ್ತದೆ. ಆ ದುಡಿಮೆ ದುಡಿದವರ ಕೈಯಲ್ಲೇ ಉಳಿದರೆ ನಂಬಿಕೆಯೂ ಉಳಿಯುತ್ತದೆ.

ಎಚ್ಚರಿಕೆಯೂ ಬೇಕು. ಹೊಗಳಿಕೆಯನ್ನಷ್ಟೇ ಅಲ್ಲದೆ ದೂರುಗಳನ್ನೂ ಓದಬೇಕು. ಸರಿಯೆನಿಸದಿದ್ದರೆ ಹೊರಟುಹೋಗಲು ಬೇರೊಂದು ತಂಗುದಾಣವನ್ನು ಗೊತ್ತುಮಾಡಿಕೊಂಡಿರಬೇಕು. ಒಂಟಿಯಾಗಿ ಹೋಗುವ ಸೋದರಿಯರಿಗಂತೂ ಇದು ಅಗತ್ಯ. ವಿದೇಶೀಯರನ್ನು ಇಳಿಸಿಕೊಂಡ ಮನೆಯವರು ೨೪ ಗಂಟೆಗಳೊಳಗೆ ನಿಗದಿತ ನಮೂನೆಯನ್ನು ತುಂಬಿ ಸರ್ಕಾರಕ್ಕೆ ತಿಳಿಸಬೇಕು.

ಕಳೆದ ವರ್ಷ ನಮ್ಮ ಅಣ್ಣನು ಇಂಥದೊಂದು ಸಂಘಕ್ಕೆ ಹೆಸರು ಕೊಟ್ಟನು. ಅಂತರಗಂಗೆ ಬೆಟ್ಟವನ್ನು ನೋಡಲು ಬಂದ ಪುಣೆಯ ಇಬ್ಬರು ವಿದ್ಯಾರ್ಥಿಗಳು ನಮ್ಮ ಮನೆಯಲ್ಲಿ ತಂಗಿದರು. ಅಜ್ಜಿ ಊರು ಕೇಳಿದರು, ತಂದೆತಾಯಿಗಳ ಕ್ಷೇಮ ಕೇಳಿದರು. ಅಣ್ಣನು ಹಿಂದಿಯಲ್ಲಿ ತಿಳಿಸಿದನು. ಆಮೇಲೆ ಅಜ್ಜಿ ಅವನನ್ನು ಒಳಗೆ ಕರೆದು, “ಯಾವ ಜನವಂತಪ್ಪಾ?” ಎಂದರು.

“ಅದನ್ನು ಅಲ್ಲಿ ಬರೆದಿಲ್ಲ ಅಜ್ಜಿ. ಹೋದ ಮನೆಯಲ್ಲೆಲ್ಲ ತಾವೇ ಪಾತ್ರೆ ತೊಳೆದಿಟ್ಟರೆಂದು ಬರೆದಿದ್ದಾರೆ” ಎಂದನು ಅಣ್ಣ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ನಡುಮನೆಯಲ್ಲಿಯೇ ಎಲೆ ಹಾಕಿಸಿ, ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಊಟವಾದ ಮೇಲೆ ಆ ಹುಡುಗರು ಪಾತ್ರೆ ತೊಳೆಯಲು ಎದ್ದರು. ಅಜ್ಜಿ ಮಾತ್ರ ಬಿಡಲಿಲ್ಲ.