ಕೊಳವೆಬಾವಿಯ ಮೋಟರ್: ತಪ್ಪು ಕಲ್ಪನೆ ಮತ್ತು ಸತ್ಯ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ನೀರು ಮುಟ್ಟದ ಅಡಿಕೆ, ತೆಂಗಿನ ತೋಟಗಳಿಗೆಲ್ಲ ಕೊಳವೆಬಾವಿಯೇ ಆಧಾರ. ಅದರೊಳಗಿನ ಸಬ್‌ಮರ್ಸಿಬಲ್ ಮೋಟರ್ ನೂರಾರು ಅಡಿ ಆಳದಲ್ಲಿ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ. ಕಾಣದ್ದರ ಬಗ್ಗೆ ಹುಟ್ಟುವ ತಪ್ಪು ತಿಳಿವಳಿಕೆಗಳು ಬೇಸಿಗೆಯ ನಡುವೆ ತೋಟವನ್ನೇ ಒಣಗಿಸಬಲ್ಲವು.

ಇಳಿಸಿದ ಮೇಲೆ ನೀರು ನಿಲ್ಲುವ ತನಕ ಮೋಟರಿಗೆ ಆರೈಕೆಯೇ ಬೇಕಿಲ್ಲ ಎಂಬುದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ನಿಜವಾಗಿ ಆರೈಕೆಯ ಬಹುಪಾಲು ನಡೆಯಬೇಕಾದದ್ದು ಮೇಲಿನ ಸ್ಟಾರ್ಟರ್ ಡಬ್ಬಿಯಲ್ಲಿ. ವಾರಕ್ಕೊಮ್ಮೆ ಮೋಟರ್ ಓಡುವಾಗ ವೋಲ್ಟೇಜ್ ಮತ್ತು ಆಂಪ್ಸ್ ನೋಡಿ ಡಬ್ಬಿಯ ಬಾಗಿಲ ಒಳಮೈಗೆ ತಾರೀಖಿನೊಡನೆ ಬರೆದಿಟ್ಟರೆ ಸಾಕು, ಕೆಳಗಿನ ಸ್ಥಿತಿ ತಿಳಿಯುತ್ತದೆ. ನೀರೂ ಆಂಪ್ಸೂ ಒಟ್ಟಿಗೆ ಇಳಿದರೆ ಬೋರಿನ ಮಟ್ಟ ಕುಸಿದಿರುತ್ತದೆ, ಇಲ್ಲವೇ ಪಂಪಿನ ಜಾಲರಿ ಕಟ್ಟಿಕೊಂಡಿರುತ್ತದೆ. ಆಂಪ್ಸ್ ಇದ್ದಷ್ಟೇ ಇದ್ದು ನೀರು ಮಾತ್ರ ಕಡಿಮೆಯಾದರೆ ಪೈಪು ತೂತಾಗಿರುವ ಅನುಮಾನ. ವೋಲ್ಟೇಜ್ ಸರಿಯಿದ್ದೂ ಆಂಪ್ಸ್ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮರಳು ಸಿಕ್ಕಿಕೊಂಡಿದೆ ಅಥವಾ ಬೇರಿಂಗ್ ಸವೆಯುತ್ತಿದೆ.

ಮೂರು ಫೇಸ್‌ಗಳ ಆಂಪ್ಸ್ ಒಂದಕ್ಕೊಂದು ಹತ್ತಿರವಿರಬೇಕು. ಒಂದರಲ್ಲಿ ಮಾತ್ರ ಹೆಚ್ಚಿದ್ದರೆ ದೋಷ ಲೈನಿನದೋ ಮೋಟರಿನದೋ ಎಂದು ತಿಳಿಯಲು ಮೋಟರ್ ಎತ್ತಿಸಬೇಕಿಲ್ಲ. ಮೇನ್ ತೆಗೆದು, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಸ್ಟಾರ್ಟರಿಗೆ ಬರುವ ಮೂರೂ ವೈರುಗಳನ್ನು ಅದೇ ಕ್ರಮದಲ್ಲಿ ಒಂದೊಂದು ಮನೆ ಮುಂದಕ್ಕೆ ಸರಿಸಿ ಕಟ್ಟಿಸಬೇಕು. ಮೋಟರ್ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಆಂಪ್ಸ್ ಆ ವೈರಿನ ಜೊತೆಗೇ ಸರಿದರೆ ತೊಂದರೆ ಲೈನಿನದು. ಮೊದಲಿದ್ದ ಮನೆಯಲ್ಲೇ ಉಳಿದರೆ ಕೇಬಲ್ಲಿನದು ಅಥವಾ ಮೋಟರಿನದು. ಅರ್ಧ ಗಂಟೆಯ ಈ ಪರೀಕ್ಷೆ ಎಷ್ಟೋ ಸಲ ಮೋಟರ್ ಎತ್ತುವ ಇಳಿಸುವ ಕೂಲಿಯನ್ನೇ ಉಳಿಸುತ್ತದೆ.

ಮೋಟರ್ ಸುಟ್ಟಾಗ ಬಯ್ಗುಳವೆಲ್ಲ ವೈಂಡಿಂಗ್ ಮಾಡಿದವರಿಗೆ. ಆದರೆ ಬಿಚ್ಚಿದ ಮೋಟರನ್ನು ಅಂಗಡಿಯಲ್ಲಿ ನಿಂತು ಒಮ್ಮೆ ನೋಡಬೇಕು. ಕೆಲವು ಸುರುಳಿ ಕರಕಲಾಗಿ, ಪಕ್ಕದವು ಹೊಸದರಂತೆ ಹೊಳೆಯುತ್ತಿದ್ದರೆ ಓಡುವಾಗ ಒಂದು ಫೇಸ್ ಹೋಗಿತ್ತೆಂದೇ ಅರ್ಥ. ಟಿ.ಸಿ.ಯಲ್ಲಿ ಒಂದು ಫ್ಯೂಸ್ ಹಾರಿದರೂ ಓಡುತ್ತಿರುವ ಮೋಟರ್ ನಿಲ್ಲುವುದಿಲ್ಲ. ಉಳಿದೆರಡು ಫೇಸ್‌ಗಳಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟ್ ಎಳೆದು ಕೆಲವೇ ನಿಮಿಷಗಳಲ್ಲಿ ಸುಡುತ್ತದೆ. ಸುರುಳಿಗಳೆಲ್ಲ ಒಂದೇ ಸಮ ಕಪ್ಪಾಗಿದ್ದರೆ ಕಾರಣ ಬೇರೆ: ಮಿತಿಮೀರಿದ ಭಾರ, ಕಡಿಮೆ ವೋಲ್ಟೇಜ್ ಅಥವಾ ತಂಪು ಸಾಲದಿರುವುದು. ಕಾರಣ ಸರಿಪಡಿಸದೆ ವೈಂಡಿಂಗ್ ಮಾತ್ರ ಮಾಡಿಸಿ ಇಳಿಸಿದ ಮೋಟರ್ ಮತ್ತೆ ಸುಡುತ್ತದೆ.

ರಿಲೇ ಪದೇ ಪದೇ ಟ್ರಿಪ್ ಆದಾಗ ಅದರ ಮುಳ್ಳನ್ನು ಮೇಲಕ್ಕೆ ತಿರುಗಿಸುವುದು, ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತುವುದು ಪರಿಹಾರವೆಂದು ತಿಳಿದವರಿದ್ದಾರೆ. ಇದು ಮೋಟರಿಗಿರುವ ಒಂದೇ ಕಾವಲನ್ನು ಕೈಯಾರೆ ತೆಗೆದುಹಾಕಿದಂತೆ. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಕಟ್ಟಿ ಓಡಿಸುವ ರೂಢಿಯೂ ಅಪಾಯದ್ದೇ: ನೀರು ಬರುತ್ತದೆ ನಿಜ, ಆದರೆ ಮೂರು ಸುರುಳಿಗಳಿಗೆ ಸಮನಾದ ಕರೆಂಟ್ ಸಿಗದೆ ಮೋಟರ್ ಬಿಸಿಯಾಗುತ್ತಲೇ ಇರುತ್ತದೆ.

ಮೋಟರ್ ಎಷ್ಟು ಕೆಳಗಿಳಿದರೆ ಅಷ್ಟು ಕ್ಷೇಮ ಎಂಬ ನಂಬಿಕೆ ಕಡೂರಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ಬಲವಾಗಿದೆ. ಈ ಮೋಟರಿಗೆ ಫ್ಯಾನ್ ಇಲ್ಲ. ಅದರ ಮೈ ಸವರಿ ಮೇಲಿನ ಜಾಲರಿಗೆ ಹರಿಯುವ ನೀರೇ ಅದನ್ನು ತಣಿಸುವುದು. ಬೋರಿನ ತಳಕ್ಕೇ ತಾಗಿಸಿ ಕೂರಿಸಿದರೆ ಹೂಳು ಮೋಟರನ್ನು ಮುಚ್ಚಿ ಆ ಹರಿವು ನಿಲ್ಲುತ್ತದೆ. ತಳದಿಂದ 15-20 ಅಡಿಯಾದರೂ ಬಿಡುವುದು ಒಳ್ಳೆಯದು. ಇಲ್ಲಿನ ಗಟ್ಟಿ ಬಂಡೆಯಲ್ಲಿ ನೀರು ಬರುವುದು ಬಿರುಕುಗಳಿಂದ. ಆ ಬಿರುಕು ಮೋಟರಿಗಿಂತ ಮೇಲಿದ್ದರೆ ನೀರು ನೇರವಾಗಿ ಜಾಲರಿಗೆ ನುಗ್ಗುತ್ತದೆ, ಮೋಟರ್ ಬಿಸಿಯಾಗಿಯೇ ಉಳಿಯುತ್ತದೆ. ಅಂಥ ಕಡೆ ಮೋಟರಿನ ಸುತ್ತ ಕೊಳವೆಯ ಕವಚ ಹಾಕಿಸಬೇಕು. ಬೋರಿನ ಮೋಟರನ್ನು ಕೃಷಿಹೊಂಡದಲ್ಲಿ ಹಾಗೆಯೇ ಮಲಗಿಸಿ ಓಡಿಸುವವರಿಗೂ ಇದೇ ಮಾತು.

ನೀರು ತುಂಬಿದ ಮಾದರಿಯ ಮೋಟರಿನೊಳಗೆ ನೀರು ಕಂಡು ಗಾಬರಿಯಾಗುವುದೂ ಉಂಟು. ಆ ನೀರು ಇರಲೇಬೇಕು: ಇಳಿಸುವ ಮುನ್ನ ಶುದ್ಧ ನೀರನ್ನು ಗುಳ್ಳೆ ನಿಲ್ಲುವ ತನಕ ತುಂಬಿ ಮುಚ್ಚಬೇಕು. ಬೇರಿಂಗಿಗೆ ಜಾರುವಿಕೆಯೂ ಸುರುಳಿಗೆ ತಂಪೂ ಅದರಿಂದಲೇ.

ಆಟೋ ಸ್ಟಾರ್ಟರ್ ಹಾಕಿದರೆ ನಿಶ್ಚಿಂತೆ ಎಂಬುದು ಅರ್ಧ ಸತ್ಯ. ಕರೆಂಟ್ ಹೋದಾಗ ಪೈಪಿನ ನೀರು ಹಿಂದಕ್ಕೆ ಬಿದ್ದು ಪಂಪನ್ನು ತಿರುಗುಮುರುಗಾಗಿ ಸುತ್ತಿಸಬಹುದು. ಆ ಕ್ಷಣದಲ್ಲೇ ಮತ್ತೆ ಚಾಲೂ ಆದರೆ ಶಾಫ್ಟ್ ಮುರಿಯುತ್ತದೆ. ಕೆಲವು ನಿಮಿಷ ತಡೆಯುವ ಟೈಮರ್, ಫೇಸ್ ಹೋದರೆ ಮತ್ತು ನೀರಿಲ್ಲದಿದ್ದರೆ ನಿಲ್ಲಿಸುವ ಕಾವಲು ಜೊತೆಗಿರಬೇಕು.

ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ, ಮೋಟರಿಗೂ ವಿಶ್ರಾಂತಿ ಎಂದು ತಿಂಗಳುಗಟ್ಟಲೆ ಬಿಟ್ಟರೆ ಮರಳೂ ಕಬ್ಬಿಣದ ಕಿಲುಬೂ ಸೇರಿ ಇಂಪೆಲ್ಲರ್ ಬಿಗಿದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಓಡಿಸಬೇಕು. ಮಳೆ ನಿಂತು ನೀರು ಕಟ್ಟುವ ಕಾಲ ಬರುವ ಮುನ್ನ ಮೆಗ್ಗರ್ ಹಿಡಿಸಿ ಕೇಬಲ್ ಮತ್ತು ಜಾಯಿಂಟಿನ ನಿರೋಧ ನೋಡಿಸಬೇಕು. ಅದು 1 ಮೆಗಾಓಮ್‌ಗಿಂತ ಕೆಳಗಿಳಿದಿದ್ದರೆ ಸ್ವಿಚ್ ಒತ್ತದೆ ಎತ್ತಿಸಿ ನೋಡುವುದೇ ಸರಿ.