ರೈಡರ್‌ಗಳ ನಾಡಿನಲ್ಲಿ ಕವರ್ ಆಟಗಾರನ ಹುಡುಕಾಟ

ಕರಾವಳಿಯ ಕಬಡ್ಡಿ ಎಂದಾಕ್ಷಣ ನೆನಪಾಗುವ ಹೆಸರುಗಳನ್ನು ಒಮ್ಮೆ ಹೇಳಿಕೊಳ್ಳಿ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ, ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಿಂದ ಭಾರತ ತಂಡದ ನಾಯಕಿಯಾಗುವವರೆಗೆ ಬೆಳೆದ ಮಮತಾ ಪೂಜಾರಿ, 2017ರ ಪ್ರೊ ಕಬಡ್ಡಿಯಲ್ಲಿ ಗುಜರಾತ್ ತಂಡವನ್ನು ಫೈನಲ್‌ಗೆ ಕೊಂಡೊಯ್ದ ಸುಕೇಶ್ ಹೆಗ್ಡೆ. ಮೂವರೂ ರೈಡರ್‌ಗಳು. ಇಷ್ಟೇ ಸಲೀಸಾಗಿ, ರೈಡರ್‌ಗಳನ್ನು ಹಿಡಿಯುವ ಕಾರ್ನರ್ ಅಥವಾ ಕವರ್‌ನಲ್ಲಿ ನಿಂತು ದೇಶವೆಲ್ಲ ಹೆಸರು ಮಾಡಿದ ನಮ್ಮವರನ್ನು ಹೇಳಿ ಎಂದರೆ ಮಾತು ತಡವರಿಸುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜು ತಂಡಗಳನ್ನು ನೋಡುತ್ತ ಬಂದವರಿಗೆ ಇದು ಹೊಸದಲ್ಲ. ರೈಡ್ ಮಾಡಬಲ್ಲ ಹುಡುಗರು ಒಂದು ಜಾಗಕ್ಕೆ ನಾಲ್ವರು ಸಿಗುತ್ತಾರೆ. ಕವರ್‌ಗೆ ನಿಲ್ಲಿಸಲು ಮಾತ್ರ ದೈಹಿಕ ಶಿಕ್ಷಣ ನಿರ್ದೇಶಕರು ರೈಡಿಂಗ್‌ನಲ್ಲಿ ಹಿಂದೆ ಬಿದ್ದ ಹುಡುಗನನ್ನು ಹುಡುಕುತ್ತಾರೆ. ಕೊರತೆ ಹುಟ್ಟುವುದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ. ಅಂಕಣದ ಅತಿ ಕಷ್ಟದ ಜಾಗಕ್ಕೆ ನಾವು ಕಳುಹಿಸುವುದು ಬೇರೆಲ್ಲೂ ಸಲ್ಲದವನನ್ನು.

ಆ ಜಾಗದ ಕೆಲಸ ಏನೆಂದು ಹತ್ತಿರದಿಂದ ನೋಡೋಣ. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ರೈಡರ್ ಬೋನಸ್‌ಗೆಂದು ಕಾಲು ಚಾಚುತ್ತಾನೆ. ಮೂಲೆಯಲ್ಲಿ ಕಾದಿದ್ದ ಕಾರ್ನರ್ ಆಟಗಾರ ಅವನ ಪಾದಕ್ಕೆ ಹಾರುತ್ತಾನೆ. ಹಿಡಿತ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರೈಡರ್ ಮೈ ತಿರುಗಿಸಿ, ಕಾಲು ಎಳೆದುಕೊಂಡೇ ನಡುಗೆರೆಯತ್ತ ಉರುಳುತ್ತಾನೆ. ಆಗ ಕವರ್ ಆಟಗಾರ ಪಕ್ಕದಿಂದ ನುಗ್ಗಿ ಅವನ ದಾರಿಗೆ ಅಡ್ಡ ಬೀಳಬೇಕು. ಅರೆಕ್ಷಣ ಮೊದಲೇ ನುಗ್ಗಿದರೆ ಅದು ಅಡ್ವಾನ್ಸ್ ಟ್ಯಾಕಲ್: ರೈಡರ್ ಅವನನ್ನೇ ಮುಟ್ಟಿ ಹೋಗುತ್ತಾನೆ. ಅರೆಕ್ಷಣ ತಡವಾದರೆ ಬೆರಳ ತುದಿ ಗೆರೆ ಮುಟ್ಟಿ, ಕಾರ್ನರ್ ಹಿಡಿದ ಹಿಡಿತವೆಲ್ಲ ಎದುರಾಳಿಯ ಅಂಕವಾಗುತ್ತದೆ.

ಹೀಗಾಗಿ ಕವರ್‌ನ ಕಣ್ಣು ರೈಡರ್ ಮೇಲೆ ಎಷ್ಟಿರುತ್ತದೋ ತನ್ನ ಕಾರ್ನರ್‌ನ ಹೆಗಲ ಮೇಲೂ ಅಷ್ಟೇ ಇರಬೇಕು. ಅವನು ಯಾವಾಗ ಹಾರುತ್ತಾನೆಂಬುದು ಇವನಿಗೆ ಹೇಳದೆಯೇ ಗೊತ್ತಾಗಬೇಕು. ಕಂಬಳದ ಕೋಣಗಳನ್ನು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಡದ್ದು, ಬಲದ್ದು ಎಂದು ಜೋಡಿ ಕೂಡಿಸಿ, ತಿಂಗಳುಗಟ್ಟಲೆ ಒಟ್ಟಿಗೆ ಓಡಿಸಿದ ಮೇಲೆಯೇ ಅವರು ವೇಣೂರಿನ ಕರೆಗೋ ಮೂಡುಬಿದಿರೆಯ ಕಡಲಕೆರೆಗೋ ಇಳಿಯುವುದು.

ನಮ್ಮ ಹುಡುಗರಿಗೆ ಆ ಒಟ್ಟಿಗಿನ ಸಮಯ ಸಿಗುವುದಿಲ್ಲ. ಇಲ್ಲಿನ ಕಬಡ್ಡಿ ಬೆಳೆದದ್ದು ಯುವಕ ಮಂಡಲಗಳ, ಭಜನಾ ಮಂಡಳಿಗಳ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ. ಮಳೆ ನಿಂತು ಕೊಯ್ಲು ಮುಗಿದರೆ ಊರೂರಿನಲ್ಲಿ ಅಂಕಣ ಏಳುತ್ತದೆ. ಆಟವನ್ನು ಬದುಕಿಸಿಟ್ಟದ್ದೇ ಈ ಪಂದ್ಯಾಟಗಳು, ಅದಕ್ಕೆ ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಅಲ್ಲಿನ ಲೆಕ್ಕಾಚಾರವೇ ಬೇರೆ. ಈ ಶನಿವಾರ ಒಂದು ತಂಡ, ಮುಂದಿನ ಶನಿವಾರ ಮತ್ತೊಂದು ತಂಡದ ಅತಿಥಿ ಆಟಗಾರ. ರೈಡರ್‌ಗೆ ಇದರಿಂದ ನಷ್ಟವಿಲ್ಲ, ಅವನು ಎದುರಾಳಿ ಅಂಕಣಕ್ಕೆ ಹೋಗುವುದು ಹೇಗೂ ಒಬ್ಬನೇ. ಕವರ್ ಮಾತ್ರ ಪ್ರತಿ ವಾರ ಹೊಸ ಕಾರ್ನರ್‌ನ ಪಕ್ಕ ನಿಲ್ಲುತ್ತಾನೆ. ಪಂದ್ಯಗಳೂ ಚಿಕ್ಕವು, ತಂಡಗಳು ಬಹಳ, ಬೆಳಗಾಗುವುದರೊಳಗೆ ಫೈನಲ್ ಮುಗಿಯಬೇಕು. ಅಷ್ಟು ಹೊತ್ತಿನಲ್ಲಿ ರೈಡರ್‌ನ ಗುಣ ಅರಿಯುವ, ಕಾಯುವ ಆಟಕ್ಕೆ ಎಡೆಯೆಲ್ಲಿ? ಅರವತ್ತು, ಅರವತ್ತೈದು ಕಿಲೋ ತೂಕದ ವಿಭಾಗಗಳಲ್ಲಿಯೂ ಚುರುಕು ಕಾಲಿನವನಿಗೇ ಅನುಕೂಲ.

ಇದರ ಮೇಲೆ ಬಂದದ್ದು ಮ್ಯಾಟ್. ಮಣ್ಣಿನಲ್ಲಿ ಬರಿಗಾಲಿನ ರೈಡರ್ ತಿರುಗುವಾಗ ಕೊಂಚ ಜಾರುತ್ತಿದ್ದ, ಆ ಜಾರಿನಲ್ಲಿ ಹಿಡಿಯುವವನಿಗೆ ಸಮಯ ಸಿಗುತ್ತಿತ್ತು. ಮ್ಯಾಟ್ ಮೇಲೆ ಶೂ ಹಾಕಿದ ಕಾಲು ಕಚ್ಚಿ ನಿಲ್ಲುತ್ತದೆ, ತಿರುವು ಮಿಂಚಿನಂತಾಗುತ್ತದೆ. ಮಣ್ಣಿನಲ್ಲಿ ಕಲಿತ ಕಾಲಲೆಕ್ಕ ಮ್ಯಾಟ್‌ನಲ್ಲಿ ಕೈಕೊಡುತ್ತದೆ. ಅದನ್ನು ಹೊಸದಾಗಿ ಕಲಿಯಲು ವರ್ಷವಿಡೀ ಮ್ಯಾಟ್ ಬೇಕು, ಅದಕ್ಕೊಂದು ಸೂರು ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆಯ ಕರಾವಳಿಯಿದು. ಕಾಲೇಜು ಬಾಗಿಲು ತೆರೆಯುವ ತಿಂಗಳುಗಳಲ್ಲೇ ಮೈದಾನ ಕೆಸರು. ಒಳಾಂಗಣವಿರುವ ಕೆಲವೇ ಸಂಸ್ಥೆಗಳನ್ನು ಬಿಟ್ಟರೆ ಉಳಿದವರ ಅಭ್ಯಾಸ ಮಳೆ ಬಿಡುವವರೆಗೆ ಓಟ, ದಂಡಬೈಠಕ್‌ಗಳಲ್ಲೇ ಮುಗಿಯುತ್ತದೆ. ರೈಡರ್ ತನ್ನ ಕಾಲ್ಚಳಕವನ್ನು ಜಗಲಿಯಲ್ಲಿಯೂ ತಿದ್ದಿಕೊಂಡಾನು. ಹಾರಿ ಹಿಡಿಯುವ ಪಾಠ ಸಿಮೆಂಟ್ ನೆಲದಲ್ಲಿ ಆಗುವುದಿಲ್ಲ.

2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಟಿವಿ ಎದುರು ಕೂತ ಮಕ್ಕಳು ಅನುಕರಿಸಿದ್ದು ರೈಡರ್‌ನನ್ನೇ. ಆ ಲೀಗ್‌ನ ಅಳತೆಗೋಲು ನೋಡಿ: ರೈಡರ್ ಹತ್ತು ಅಂಕ ಗಳಿಸಿದರೆ ಸೂಪರ್ ಟೆನ್, ಹಿಡಿತಗಾರ ಐದು ಗಳಿಸಿದರೆ ಹೈ ಫೈವ್. ಹಿಡಿತದ ಐದು ಅಂಕ ರೈಡ್‌ನ ಹತ್ತು ಅಂಕಕ್ಕೆ ಸಮ ಎಂದು ಲೀಗೇ ಒಪ್ಪಿಕೊಂಡಂತೆ. ನಮ್ಮ ಕಾಲೇಜು ಆಯ್ಕೆಗಳಲ್ಲಿ, ಊರ ಪಂದ್ಯಾಟದ ಚೀಟಿಗಳಲ್ಲಿ ಆ ವಿವೇಕ ಇನ್ನೂ ಬಂದಿಲ್ಲ.

ವಯಸ್ಸಿನ ಮಾತೂ ಇದೆ. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಪ್ರಶಾಂತ್ ರೈ ನಾಯಕತ್ವದ ಪಟ್ನಾ ಪೈರೇಟ್ಸ್ 36-37ರಲ್ಲಿ, ಒಂದೇ ಅಂಕದಿಂದ, ದಬಂಗ್ ಡೆಲ್ಲಿಗೆ ಸೋತಿತು. ಆ ದೆಹಲಿ ತಂಡದ ಹಿಡಿತಗಾರರ ಪಟ್ಟಿಯಲ್ಲಿ ಮಂಜೀತ್ ಛಿಲ್ಲರ್, ಜೋಗಿಂದರ್ ನರ್ವಾಲ್, ನಲವತ್ತರ ಆಸುಪಾಸಿನಲ್ಲಿದ್ದ ತಮಿಳುನಾಡಿನ ಕವರ್ ಆಟಗಾರ ಜೀವ ಕುಮಾರ್ ಇದ್ದರು. ಹಿಡಿತಗಾರ ಮಾಗುವುದು ತಡವಾಗಿ. ಕಾಲೇಜಿಗೆ ಸಿಗುವುದು ಮಾತ್ರ ಹದಿನೆಂಟರ ಹುಡುಗ, ಪದವಿಯ ಮೂರೇ ವರ್ಷ. ಅವನು ಆಟ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅಂತಿಮ ಪರೀಕ್ಷೆ ಎದುರಿಗಿರುತ್ತದೆ.

ಹಿಂದೆ ಇಲ್ಲಿಂದ ಮುಂದಕ್ಕೆ ಒಂದು ಮೆಟ್ಟಿಲಿತ್ತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯ ಬ್ಯಾಂಕ್ ತನ್ನದೇ ಕಬಡ್ಡಿ ತಂಡ ಕಟ್ಟಿಕೊಂಡಿತ್ತು. ಬ್ಯಾಂಕಿನ ತಂಡದಲ್ಲಿ ಅದೇ ಏಳೆಂಟು ಮಂದಿ ವರ್ಷಗಟ್ಟಲೆ ಒಟ್ಟಿಗೆ ಆಡುತ್ತಿದ್ದರು, ಸಂಬಳದ ಚಿಂತೆಯಿಲ್ಲದೆ ಮಾಗುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. ಬಂಟ್ವಾಳ ತಾಲ್ಲೂಕಿನ ಮಾಣಿಯಿಂದ ಹೊರಟು ಭಾರತ ತಂಡದಲ್ಲಿ ಆಡಿದ ಉದಯ ಚೌಟರು ಮರುವರ್ಷ ತೀರಿಕೊಂಡರು. ಕಿರಿಯರಿಗೆ ಆಟ ತಿದ್ದಿ ಹೇಳಬಲ್ಲ ಅಂಥ ಹಿರಿಯರು ಒಬ್ಬೊಬ್ಬರೇ ಇಲ್ಲವಾಗುತ್ತಿರುವುದು ನಿಜಕ್ಕೂ ಸಂಕಟದ ಸಂಗತಿ.

ಹರಿಯಾಣದ ಹುಡುಗರಿಗೆ ಅಖಾಡದ ಕುಸ್ತಿ ಬೆನ್ನಿಗಿದೆ, ನಮಗಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇರಾನ್ ಕೂಡ ಕುಸ್ತಿಯ ನಾಡೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಭಾರತವನ್ನು 18ಕ್ಕೆ ನಿಲ್ಲಿಸಿ 27 ಅಂಕ ಗಳಿಸಿದ್ದು ಅದೇ ಇರಾನ್. ಆದರೂ ಈ ಕಾರಣವನ್ನು ನಾನು ಪೂರ್ತಿ ಒಪ್ಪಲಾರೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಪಟುವಾಗುವ ಆಸೆ ಹೊತ್ತು ಬೆಳೆದವರು. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಅವರ ಕೈಗೆ ಬಂದದ್ದು ವೇಟ್‌ಲಿಫ್ಟಿಂಗ್. 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಪರಂಪರೆ ಇಲ್ಲದ ಆಟದಲ್ಲಿಯೂ ಒಬ್ಬ ತರಬೇತುದಾರ, ಒಂದು ಹಾಸ್ಟೆಲ್, ಕೆಲವು ವರ್ಷಗಳ ತಾಳ್ಮೆ ಏನು ಮಾಡಬಲ್ಲವು ಎಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. ಮೂಡುಬಿದಿರೆಯಲ್ಲಿ ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುತ್ತದೆ. ಹಾಗಾದರೆ ಹಿಡಿಯುವ ಇಬ್ಬರನ್ನು ಪಿಯುಸಿಯಿಂದಲೇ ಜೋಡಿಯಾಗಿ ಆರಿಸಿ, ಪದವಿ ಮುಗಿಯುವವರೆಗೆ ಐದು ವರ್ಷ ಬೇರ್ಪಡಿಸದೆ ಬೆಳೆಸಲು ಯಾವ ಅಡ್ಡಿಯಿದೆ?

ಪಂದ್ಯಾಟ ನಡೆಸುವ ಸಂಘಟಕರಲ್ಲಿಯೂ ಒಂದು ವಿನಂತಿ. ಈ ಬಾರಿ ಆಮಂತ್ರಣ ಅಚ್ಚು ಹಾಕಿಸುವಾಗ ಉತ್ತಮ ಹಿಡಿತಗಾರನ ಬಹುಮಾನವನ್ನು ಉತ್ತಮ ದಾಳಿಗಾರನದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚಿಡಿ. ಸಾಧ್ಯವಾದರೆ ಉತ್ತಮ ಕಾರ್ನರ್-ಕವರ್ ಜೋಡಿಗೆಂದೇ ಇನ್ನೊಂದು ಟ್ರೋಫಿ ಇಡಿ.